ಆಯಿ ಅರೆದ ಕಿರಮಂಜಿ

ಹುಣಸೆಹುಳಿ ಕುದಿಯುವ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರಿದರೆ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಸಾರಿಗೆ ಹುಳಿ ಹಿಂಡಿದೊಡನೆ ಅಡುಗೆಮನೆ ಬಿಟ್ಟು ಹೊರಗೆ ಬಂದು ನಿಲ್ಲುತ್ತೇನೆ. ಮನೆಯವರು 'ಇವಳದೊಂದು ಸೋಗು' ಎನ್ನುತ್ತಾರೆ. ಅನ್ನಲಿ. ಅವರಿಗೆ ಆ ವಾಸನೆಯಲ್ಲಿ ಸಾರು ಮಾತ್ರ ಇದೆ. ನನಗೆ ಅದರ ಕೆಳಗೆ ಬಹಳ ದಿನ ಮುಚ್ಚಿಟ್ಟ ಡಬ್ಬಿಯ ಮುಗ್ಗಲು, ಒದ್ದೆ ರೇಷ್ಮೆಯ ನಾತ, ತಾಮ್ರದ ಹಂಡೆಯ ಕಿಲುಬು ಎಲ್ಲವೂ ಇದೆ. ಅದು ಗೊಳಸಂಗಿಯ ನಮ್ಮ ಹಳೆಯ ಮನೆಯ ವಾಸನೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಯಾರದೋ ಗೊಬ್ಬರದ ಗೋದಾಮಿದೆ. ನಿಮ್ಮ ಮನೆಯೂ ಹೀಗೆ ಯಾರದೋ ಗೋದಾಮಾಗಿದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿದೀತು.

ಊರಲ್ಲಿ ನಮ್ಮನ್ನು ಬಣ್ಣದವರು ಎನ್ನುತ್ತಿದ್ದರು. ಅಜ್ಜ ಇಳಕಲ್ಲಿನ ಮಗ್ಗದವರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದನಂತೆ. ನನಗೆ ಬುದ್ಧಿ ಬರುವಷ್ಟರಲ್ಲಿ ಅವನು ತೀರಿಹೋಗಿ, ಕಾಕಂದಿರು ಡಬ್ಬಿಯ ಪುಡಿ ಬಣ್ಣಕ್ಕೆ ಇಳಿದಿದ್ದರು. ಅಂಗಳದ ತುಂಬ ಗಳಗಳ ಮೇಲೆ ನೂಲಿನ ಲಡಿಗಳು, ಕೆಳಗೆ ಹಸಿರು ಕೆಂಪು ಕೊಚ್ಚೆ, ಆ ಕೊಚ್ಚೆ ತುಳಿದು ಓಡಾಡುವ ನಾಯಿಯ ಕಾಲೂ ನೇರಳೆ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಆ ಪುಡಿಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಅದರಾಗ ಏನ್ ಹೊಲಸು ಕಲಸಿರ್ತಾರೋ ಏನೋ. ಲಿಂಗಕ್ಕ ಆಗಂಗಿಲ್ಲ" ಎನ್ನುತ್ತಿದ್ದಳು. ಓಣಿಯಲ್ಲಿ ಕೂಸು ಹುಟ್ಟಿದರೆ ಅದರ ಕೊರಳಿಗೆ ಇಷ್ಟಲಿಂಗ ಕಟ್ಟುವ ಅಂಗೈಯಗಲದ ರೇಷ್ಮೆ ವಸ್ತ್ರ ಆಯಿಯ ಕೈಯಿಂದಲೇ ಹೋಗಬೇಕು, ಅದು ಕಿರಮಂಜಿ ಬಣ್ಣದ್ದೇ ಆಗಬೇಕು. ಕುಂಕುಮಕ್ಕಿಂತ ಗಾಢವಾದ ಆ ಕೆಂಪಿಗೆ ಬೇಕಾದ ಕಾಳನ್ನು ಅತ್ತರು ಮಾರುವ ಮೌಲಾಸಾಬ ಬಾಗೇವಾಡಿಯಿಂದ ತಂದುಕೊಡುತ್ತಿದ್ದ. ಕಿರಮದಾಣಿ ಎಂದು ಅದರ ಹೆಸರು. ಬೂದುಬಣ್ಣದ, ಸುಕ್ಕುಗಟ್ಟಿದ, ಜೋಳಕ್ಕಿಂತ ಸಣ್ಣ ಕಾಳು. ಆಯಿ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಅದನ್ನು ಕಲ್ಲಿನಲ್ಲಿ ನುಣ್ಣಗೆ ಅರೆದು, ಬಣ್ಣ ಹಿಡಿಯಲೆಂದು ಪಟಕ ಹಾಕಿ, ತಾಮ್ರದ ಹಂಡೆಯಲ್ಲಿ ಹುಣಸೆಹುಳಿಯೊಂದಿಗೆ ಕುದಿಸುತ್ತಿದ್ದಳು. ಹುಳಿ ಸಾಕೋ ಬೇಕೋ ಎಂದು ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿದು, ಸಿಕ್ಕ ಹುಳವನ್ನು ಕೊಲ್ಲದೆ ಹಿತ್ತಲಲ್ಲಿ ಬಿಟ್ಟು ಬರುವ ಹೆಂಗಸು ಅವಳು.

ನಾನಾಗ ಏಳನೆಯ ಇಯತ್ತೆ. ಸಾಲಿಯ ಮಾಸ್ತರರು ಒಂದು ಭೂತಗನ್ನಡಿಯನ್ನು ಸರದಿಯಂತೆ ಮನೆಗೆ ಕೊಟ್ಟು ಕಳಿಸುತ್ತಿದ್ದರು. ನನ್ನ ಸರದಿ ಬಂದ ದಿನ ಉಪ್ಪು, ಸಕ್ಕರೆ, ನಾಯಿಯ ಕೂದಲು ಎಲ್ಲ ನೋಡಿ ಮುಗಿಸಿ, ಆಯಿ ನೆನೆಯಿಟ್ಟ ಕಾಳಿನ ಬಟ್ಟಲಿಗೆ ಕೈ ಹಾಕಿದೆ. ನೀರು ಕುಡಿದು ಉಬ್ಬಿದ ಕಾಳನ್ನು ಗಾಜಿನ ಕೆಳಗೆ ಹಿಡಿದರೆ ಹೊಟ್ಟೆಯ ಮೇಲೆ ಪಟ್ಟಿಗಳು, ಪಕ್ಕದಲ್ಲಿ ಮುದುಡಿದ ಕಾಲುಗಳು. ಪಕ್ಕದ ಮನೆಯ ಕೂಸಿನ ವಸ್ತ್ರಕ್ಕೆಂದು ನಾಲ್ಕೈದು ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. "ಆಯಿ, ಇವು ಕಾಳಲ್ಲ, ಹುಳಾ! ಕಾಲದಾವ ನೋಡು!" ಎಂದು ಅವರೆಲ್ಲರ ಎದುರು ಗೆದ್ದವಳ ಹಾಗೆ ಕೂಗಿದೆ. ಆಯಿ ಗಾಜನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಸಂತೆಯ ದಿನ ಮೌಲಾಸಾಬ ಬಂದ. ಆಯಿ ಅವನಿಗೆ ಚಹಾ ಕೊಡಿಸಿ, ಅವನು ಕುಡಿದು ಕಪ್ಪು ಇಟ್ಟ ಮೇಲೆ ಕೇಳಿದಳು.

"ಮೌಲಾ, ಖರೇ ಹೇಳು. ಇದು ಕಾಳೋ, ಹುಳಾನೋ?"

ಅವನು ತಲೆ ತಗ್ಗಿಸಿದ. "ಹುಳಾರೀ ಯವ್ವಾ. ಯಜಮಾನ್ರಿಗೆ ಗೊತ್ತಿತ್ರಿ. ಮನ್ಯಾಗ ಕಾಳಂತನ ಹೇಳು ಅಂದಿದ್ರು. ಸತ್ತವರ ಮಾತು ಹೆಂಗ ಮುರಿಲಿ? ಸಿಟ್ಟಾಗಬ್ಯಾಡ್ರಿ, ರೇಷ್ಮಿ ಏನ್ ಗಿಡದಾಗ ಬೆಳಿತೈತೇನ್ರಿ?"

"ರೇಷ್ಮಿ ಹುಳಾ ನಾ ಕೊಂದಿಲ್ಲೋ ತಮ್ಮಾ. ಇದನ್ನ ನಾನ ಅರದೇನಿ. ನಾಲಿಗಿಗೆ ಹಚ್ಚಿಕೊಂಡೇನಿ."

ಆ ಗಳಿಗೆಯಲ್ಲಿ ನನಗೆ ಹುಳಕ್ಕಿಂತ ಅಜ್ಜನ ಮೇಲೆ ಹೇಸಿಗೆ ಹುಟ್ಟಿತು. ಪಟದೊಳಗೆ ಹಾರ ಹಾಕಿಸಿಕೊಂಡು, ರುಮಾಲು ಸುತ್ತಿಕೊಂಡು ಕೂತಿದ್ದ. ಹೆಂಡತಿ ನಲವತ್ತು ವರ್ಷ ಮಡಿಯಿಂದ ಹುಳ ಅರೆಯುವುದನ್ನು ನೋಡುತ್ತ ರೊಟ್ಟಿ ತಿಂದ ಮನುಷ್ಯ. ಇಂದಿಗೂ ಆ ಪಟಕ್ಕೆ ಕೈ ಮುಗಿಯಲು ನನ್ನಿಂದಾಗಿಲ್ಲ.

ಮರುದಿನ ಆಯಿ ತನ್ನ ಕೊರಳಿನ ಲಿಂಗವನ್ನು ಬಿಳಿಯ ಅರಿವೆಗೆ ಕಟ್ಟಿಕೊಂಡು, ನನ್ನ ಕೈಗೊಂದು ಬುಟ್ಟಿ ಕೊಟ್ಟು ಓಣಿಗೆ ಹೊರಟಳು. ತಾನು ಕೊಟ್ಟ ವಸ್ತ್ರಗಳನ್ನೆಲ್ಲ ಮರಳಿ ಪಡೆಯಬೇಕಿತ್ತು. "ನನ್ನಿಂದ ತಪ್ಪಾಗೇತಿ. ಅದನ್ನ ಕೊಡ್ರವ್ವಾ, ಬಿಳೀದು ಕಟ್ರಿ" ಎಂದು ಮನೆಮನೆಯ ಮುಂದೆ ನಿಂತು ಹೇಳಿದಳು. ಒಬ್ಬಳು ಅಳುತ್ತ ಕೊಟ್ಟಳು. ಒಬ್ಬಳು ತೊಟ್ಟಿಲ ಕೂಸಿನ ಕೊರಳಿಂದ ಬಿಚ್ಚಿ, ಕಟ್ಟಿಗೆಯ ತುದಿಯಲ್ಲಿ ಎತ್ತಿ, ಬುಟ್ಟಿಯ ಹೊರಗೆ ನೆಲಕ್ಕೆ ಒಗೆದಳು. ನಿನ್ನೆಯವರೆಗೆ ಆಯಿಯ ಕಾಲಿಗೆ ಬೀಳುತ್ತಿದ್ದವಳೇ ಅವಳು. ಆಯಿ ಬಗ್ಗಿ ಅದನ್ನು ಆರಿಸಿಕೊಂಡಳು. ನನಗೆ ಒಗೆದವಳ ಮುಖಕ್ಕೆ ಉಗುಳಬೇಕೆನ್ನಿಸಿತು, ಉಗುಳಲಿಲ್ಲ. ಎಲ್ಲವನ್ನೂ ಹೊಳೆಗೆ ಬಿಟ್ಟು ಬಂದೆವು. ಅಂದಿನಿಂದ ಆ ಹಂಡೆ ಮತ್ತೆ ಒಲೆ ಏರಲಿಲ್ಲ.

ಆಯಿ ತೀರಿದ ಎಷ್ಟೋ ವರ್ಷದ ಮೇಲೆ, ಬಾಗೇವಾಡಿಯಲ್ಲಿ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದಾಗ, ಪಾಠದಲ್ಲಿ ಬಂದ ಕ್ರಿಮ್ಸನ್ ಎಂಬ ಕೆಂಪಿನ ಹೆಸರಿಗೆ ದೊಡ್ಡ ನಿಘಂಟು ತೆಗೆದೆ. ಅಲ್ಲಿತ್ತು ಕೃಮಿ. ನಮ್ಮ ಸಂಸ್ಕೃತದ ಹುಳವೇ ಪಾರಸಿ, ಅರಬ್ಬಿ ದಾಟಿ ಹೋಗಿ ಸ್ಪೇನಿನಲ್ಲಿ ಕಾರ್ಮೆಸಿ, ಇಟಲಿಯಲ್ಲಿ ಕ್ರೆಮಿಸಿ, ಫ್ರಾನ್ಸಿನಲ್ಲಿ ಕ್ರಾಮ್ವಾಜಿ ಆಗಿದೆ. ವರ್ಮಿಲಿಯನ್ ಎಂಬ ಇನ್ನೊಂದು ಕೆಂಪಿನೊಳಗೆ ಲ್ಯಾಟಿನ್ನಿನ ಪುಟ್ಟ ಹುಳ. ಜೆಕ್ ಜನ ಕೆಂಪಿಗೆ ಚೆರ್ವೆನಿ ಎನ್ನುತ್ತಾರೆ, ಅದೂ ಹುಳದಿಂದಲೇ. ಪಾರಸಿಯ ಹಾದಿಯಲ್ಲೇ ನಮ್ಮ ಕಿರಮಂಜಿಯೂ ಹೊಸ ಅಂಗಿ ತೊಟ್ಟು ಊರಿಗೆ ಮರಳಿದೆ; ಆಯಿ ದಿನಕ್ಕೆ ಹತ್ತು ಸಲ ಆ ಹೆಸರನ್ನು ಬಾಯಲ್ಲಿ ಆಡುತ್ತಿದ್ದಳು. ಇನ್ನೂ ಕೆಳಗೆ ಒಂದು ಸಾಲಿತ್ತು: ಸ್ಪೇನಿನವರೂ ಇಟಲಿಯವರೂ ಇದೇ ಬಣ್ಣಕ್ಕೆ ಗ್ರಾನಾ ಎಂದೂ ಕರೆದರು, ಹಾಗೆಂದರೆ ಕಾಳು. ಅಲ್ಲಿಯೂ ಬಹಳ ಜನ ಅದನ್ನು ಗಿಡದ ಕಾಳೆಂದೇ ನಂಬಿದ್ದರಂತೆ. ಅರಸರು, ಪಾದ್ರಿಗಳು ಹುಳದ ರಸ ಹೊದ್ದು ಮೆರೆದರು, ಯಾರೂ ವಾಂತಿ ಮಾಡಿಕೊಂಡ ಸುದ್ದಿಯಿಲ್ಲ. ವಾಂತಿ ಮಾಡಿಕೊಂಡವಳು ಗೊಳಸಂಗಿಯ ಒಬ್ಬ ಮುದುಕಿ. ನಿಘಂಟನ್ನು ಮುಚ್ಚಿ ಕೈ ತೊಳೆದುಕೊಂಡು ಬಂದೆ. ಇದನ್ನೆಲ್ಲ ಆಯಿಗೆ ಹೇಳಬೇಕಿತ್ತು, ಹೇಳಲು ಅವಳಿರಲಿಲ್ಲ.

ವಸ್ತ್ರಗಳನ್ನು ಹೊಳೆಗೆ ಬಿಟ್ಟ ಮೇಲೆ ಆಯಿ ಹತ್ತು ವರ್ಷ ಬದುಕಿದ್ದಳು. ಬೆರಳಿನಿಂದ ಮತ್ತೆ ಉಣ್ಣಲಿಲ್ಲ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಚಮಚದಿಂದ ತಿನ್ನುತ್ತಿದ್ದಳು. ಚಮಚ ಹಿಡಿಯಲೂ ಆಗದ ಕೊನೆಯ ದಿನಗಳಲ್ಲಿ ನಾನೇ ತುತ್ತು ಮಾಡಿ ಉಣಿಸುತ್ತಿದ್ದೆ. ಒಂದು ಮಧ್ಯಾಹ್ನ, ಅಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಆಯಿ, ಅವತ್ತು ನಾ ಹೇಳಬಾರದಿತ್ತೇನು?"

ಅವಳು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು.

"ಖರೇ ಹೇಳಿದ್ದು ತಪ್ಪಲ್ಲವ್ವಾ. ನಿಮ್ಮಜ್ಜ ಹೇಳಲಿಲ್ಲ, ನೀ ಹೇಳಿದಿ, ಚಲೋ ಆತು. ಆದರ ನಕ್ಕೊಂತ ಹೇಳಿದಿ ನೋಡು."

ಅಷ್ಟು ಹೇಳಿ, ಮುಂದಿನ ತುತ್ತಿಗೆ ಬಾಯಿ ತೆರೆದಳು.