ಎರಡು ಹೊಟ್ಟೆಕಿಚ್ಚು

ಮಗಳು ಪರೀಕ್ಷೆಗೆ ಓದುತ್ತ ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದಳು. ನಾನು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದೆ. ಘಾಟಿಗೆ ಇಬ್ಬರೂ ಕೆಮ್ಮಿದೆವು. ಕೆಮ್ಮುತ್ತಲೇ ಅವಳೆಂದಳು: “ಅವ್ವಾ, ಇಂಗ್ಲಿಷ್‌ನ್ಯಾಗ ಜೆಲಸಿ ಬ್ಯಾರೆ, ಎನ್ವಿ ಬ್ಯಾರೆ ಅಂತ. ನಮ್ಮದು ಕೈಬಿಟ್ಟು ಹೋದೀತು ಅಂತ ಉರಕೊಳ್ಳೂದು ಜೆಲಸಿ. ಮಂದಿ ಕಡೆ ಇದ್ದದ್ದು ನಮಗಿಲ್ಲಲ್ಲ ಅಂತ ಉರಕೊಳ್ಳೂದು ಎನ್ವಿ. ತಿಳೀತೇನು?”

ತಿಳಿಯದೆ ಏನು! ಇಂಗ್ಲಿಷ್ ಬರದಿದ್ದರೂ ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನೇನು ಕಡಿಮೆ ಓದಿದವಳಲ್ಲ. ಕೇಳಿ, ನಿಮಗೂ ಹೇಳುತ್ತೇನೆ.

ಆಗ ನಾವು ಗಣಿ ಸೀಮೆಯ ಕುಡಚಡೆಯಲ್ಲಿದ್ದೆವು. ನಮ್ಮ ಮನೆಯವರು ಅದಿರಿನ ಲಾರಿ ಓಡಿಸುತ್ತಿದ್ದರು, ನಾನು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆ. ಇವಳಿನ್ನೂ ಅಂಬೆಗಾಲಿಡುವ ಕೂಸು. ಪಕ್ಕದ ಖೋಲಿಯ ಹಸೀನಾ ವಿಜಯಪುರದ ಕಡೆಯವಳು, ಮಕ್ಕಳಿರಲಿಲ್ಲ. “ಬಿಟ್ಟ ಹೋಗ್ರಿ ಅಕ್ಕಾ, ನಾ ನೋಡ್ಕೋತೇನಿ” ಅಂದಳು. ಪುಣ್ಯಾತ್ಗಿತ್ತಿ ಅಂದುಕೊಂಡು ಬಿಟ್ಟು ಹೋದೆ. ಆದರೆ ಸಂಜೆ ಬಂದು ಕೈಚಾಚಿದರೆ ಕೂಸು ಅವಳ ಕೊರಳಿಗೇ ಜೋತುಬಿದ್ದು ಅಳುವುದೇ! ಹೊತ್ತು ಹೆತ್ತವಳು ನಾನು. ಹೊಟ್ಟೆ ಧಗಧಗ ಉರಿಯಿತು. ಬಾಯಿಬಿಟ್ಟು ಹೇಳಲಾಗದೆ, ದಿನಾ ಮನೆಗೆ ಬಂದೊಡನೆ ಕೂಸಿಗೆ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕತೊಡಗಿದೆ. ಘಾಟು ಬಾರದಿದ್ದರೆ ದೃಷ್ಟಿ ತಾಕಿದೆ ಎಂದು ನಮ್ಮವರ ನಂಬಿಕೆ. ಒಂದು ಸಂಜೆ ಘಾಟೇ ಏಳಲಿಲ್ಲ. ಯಾರ ದೃಷ್ಟಿ ಎಂದು ಬೇರೆ ಹೇಳಬೇಕೆ? ಕೆಲಸ ಹೋದರೂ ಹೋಗಲಿ, ಇನ್ನು ಅಲ್ಲಿ ಕೂಸನ್ನು ಬಿಡುವುದಿಲ್ಲ ಎಂದು ನಿಶ್ಚಯಿಸಿದೆ.

ಅದನ್ನು ಹೇಳಿಬಿಡಲೆಂದೇ ಮರುದಿನ ಬೇಗ ಬಂದೆ. ಬಾಗಿಲು ತೆರೆದಿತ್ತು. ಹಸೀನಾ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ನನ್ನ ಮಗಳಿಗೆ ನೀವಾಳಿಸುತ್ತಿದ್ದಳು.

“ಯಾರ ದೃಷ್ಟಿ ತೆಗ್ಯಾಕತ್ತಿ?” ಎಂದೆ.

ಬೆಚ್ಚಿಬಿದ್ದಳು. “ನಂದರೀ ಅಕ್ಕಾ. ಇಂಥದೊಂದು ನನಗ ಇಲ್ಲಲ್ಲ ಅಂತ ದಿನಾ ಅನಸ್ತೈತಿ. ಹೆಂಗ ತಡೀಲಿ? ಅದು ಕೂಸಿಗೆ ತಾಕಬಾರದಂತ, ನೀವು ಬರೂದ್ರಾಗ ತಗದಬಿಡ್ತೇನ್ರಿ.”

ಅವಳಿಗೂ ಉರಿಯುತ್ತಿತ್ತು, ನಿಜ. ಆದರೆ ಅವಳು ಕೂಸನ್ನು ಕಾಯುತ್ತಿದ್ದದ್ದು ತನ್ನದೇ ದೃಷ್ಟಿಯಿಂದ. “ಚಾ ಮಾಡ, ಹಸೀನಾ” ಎಂದು ಅಲ್ಲೇ ಕೂತೆ. ಮರುದಿನವೂ ಕೂಸನ್ನು ಅವಳ ತೊಡೆಯ ಮೇಲೆಯೇ ಹಾಕಿ ಕೆಲಸಕ್ಕೆ ಹೋದೆ.

ನಾವೀಗ ವಾಳಪೈಗೆ ಬಂದು ನೆಲೆಸಿದ್ದೇವೆ. ಹಸೀನಾ ಕುಡಚಡೆಯಲ್ಲೇ ಇದ್ದಾಳೆ. ಎಲ್ಲ ಕೇಳಿದ ಮಗಳು, “ಹಂಗಾದ್ರ ಜೆಲಸಿ ನಿಂದು!” ಎಂದು ನಕ್ಕಳು. ಆಮೇಲೆ ಮೆಲ್ಲಗೆ, “ಪರೀಕ್ಷಾ ಮುಗದ ಮ್ಯಾಲ ಹಸೀನಾ ಖಾಲಾನ ಕಡೆ ನಾಕ ದಿನ ಇದ್ದ ಬರ್ಲೇನು?” ಎಂದಳು.

ಸುಳ್ಳೇಕೆ, ಹೊಟ್ಟೆಯೊಳಗೆ ಒಂದಿಷ್ಟು ಚುರ್ ಎಂದಿತು.

“ನಾಕ ದಿನ ಯಾಕ?” ಎಂದೆ. “ಸೂಟಿ ಮುಗಿಯೂತನಕ ಇರು.”