ಕಮಾನು ಕಟ್ಟಡದ ಗೋಡೆ

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ದಾವಣಗೆರೆಯ ಹಳೆಯ ಪೇಟೆ ಚೌಕವನ್ನು ಕಂಡವರಿಗೆ ನಮ್ಮ ಕಮಾನು ಕಟ್ಟಡ ನೆನಪಿರಬಹುದು. ಹತ್ತಿ ವ್ಯಾಪಾರ ಕೈಹಿಡಿದ ಕಾಲದಲ್ಲಿ ನಮ್ಮಜ್ಜ ಕಟ್ಟಿಸಿದ್ದು. ಕೆಳಗೆ ಅಂಗಡಿಗಳು, ಮೇಲೆ ನಮ್ಮ ಮನೆ. ಮಹಡಿಯ ಪಡಸಾಲೆಯ ಕಮಾನುಗಳ ಕೆಳಗೆ ಕೂತರೆ ಇಡೀ ಪೇಟೆ ಕಾಣುತ್ತಿತ್ತು, ಮಂಡಕ್ಕಿ ಹುರಿಯುವ ಘಮ ಮೇಲಕ್ಕೆ ಏರಿ ಬರುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ, ಚೌಕದ ಮೂಲೆ ಅಂಗಡಿ ಯಾರಿಗೆ ಎಂದು ಅಪ್ಪನಿಗೂ ದೊಡ್ಡಪ್ಪನಿಗೂ ಜಗಳ ಹತ್ತಿತು. ಒಂದು ಬೆಳಿಗ್ಗೆ ಅಜ್ಜಿ ಪೂಜೆಗೆ ಕೂತಿದ್ದಾಗ ದೊಡ್ಡಪ್ಪ ಗಾರೆಯವರನ್ನು ಕರೆತಂದು ಪಡಸಾಲೆಯ ನಡುವೆ ಗೋಡೆ ಎಬ್ಬಿಸತೊಡಗಿದ. ಅಪ್ಪ ತಡೆಯಲಿಲ್ಲ, ಅದು ಒಂದು ಗೇಣೂ ತನ್ನ ಕಡೆ ಸರಿಯದಂತೆ ದಾರ ಹಿಡಿದು ನಿಂತ. ಅಜ್ಜಿ ವಿಭೂತಿ ಧರಿಸಿ ಹೊರಬಂದಾಗ ಗೋಡೆ ಅವಳ ಸೊಂಟದ ಮಟ್ಟಕ್ಕೆ ಬಂದಿತ್ತು.

“ನಾನು ಯಾವ ಕಡೆ?” ಎಂದು ಕೇಳಿದಳು.

“ದೇವ್ರ ಮನೆ ನಂದೈತೆ, ನಮ್ ಕಡೆ ಇರವ್ವ,” ಎಂದ ದೊಡ್ಡಪ್ಪ.

“ಅಡಿಗೆ ಮನೆ ನಮ್ ಕಡೆ ಐತೆ,” ಎಂದ ಅಪ್ಪ.

ಅಜ್ಜಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು. “ನನ್ ದೇವ್ರು ಇಲ್ಲೈತೆ. ಇದನ್ನೂ ಪಾಲು ಹಾಕ್ತೀರೇನು?”

ಅವತ್ತೇ ಹರಿಹರದ ತಮ್ಮನ ಮನೆಗೆ ಹೋದಳು. ಮಕ್ಕಳಿಬ್ಬರೂ ಬೇರೆ ಬೇರೆಯಾಗಿ ಕರೆಯಲು ಹೋದರು. “ಗ್ವಾಡೆ ಕೆಡವ್ರಿ, ಬರ್ತೀನಿ,” ಎಂದು ರೊಟ್ಟಿ ಬಡಿಸಿ ಕಳಿಸಿದಳು. ಇಬ್ಬರೂ ಕೆಡವಲಿಲ್ಲ. ಅಜ್ಜಿ ಹರಿಹರದಲ್ಲೇ ಮಣ್ಣಾದಳು. ಆಮೇಲೆ ಮಾಳಿಗೆ ಸೋರಿದರೂ ರಿಪೇರಿ ಯಾರು ಮಾಡಿಸಬೇಕೆಂಬ ಹಟದಲ್ಲಿ ಕಮಾನುಗಳು ಒಂದೊಂದೇ ಬಿರುಕು ಬಿಟ್ಟವು. ಕೊನೆಗೆ ಅಣ್ಣತಮ್ಮಂದಿರು ಒಪ್ಪಿದ್ದು ಒಂದೇ ಮಾತಿಗೆ, ಮಾರುವುದಕ್ಕೆ. ಈಗ ಅಲ್ಲಿ ಗಾಜಿನ ಕಾಂಪ್ಲೆಕ್ಸ್ ನಿಂತಿದೆ. ಅದರ ಮುಂದೆ ನಾನು ಆಟೋ ನಿಲ್ಲಿಸಗೊಡುವುದಿಲ್ಲ.

ಹೋದ ವರ್ಷ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಗೇಟಿಗೆ ದೊಡ್ಡಪ್ಪ ಬಂದಿದ್ದ. ಕೋಲು ಹಿಡಿದಿದ್ದ, ಬೆನ್ನು ಬಾಗಿತ್ತು. “ನಿಮ್ಮಪ್ಪ ಅದಾನೇನವ್ವ?”

“ಇಲ್ರಿ,” ಎಂದೆ. ಒಳಗಿನಿಂದ ಅಪ್ಪನ ಕೆಮ್ಮು ಕೇಳಿತು. ದೊಡ್ಡಪ್ಪ ನನ್ನ ಮುಖವನ್ನೇ ನೋಡಿದ. ನಾನು ಗೇಟು ತೆರೆಯಲಿಲ್ಲ. ಅವನು ಕೋಲೂರುತ್ತಾ ಬಿಸಿಲಿಗೆ ಇಳಿದು ಹೋದ.

ನಾನು ಒಳಗೆ ಹೋದಾಗ ಅಪ್ಪ ಮಂಚದ ಮೇಲೆ ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ಹೋದ್ನೇನು?”

“ಹೋದ್ರು.”

ಅಪ್ಪ ಹಾಕಿಕೊಂಡಿದ್ದ ಗುಂಡಿಗಳನ್ನು ಮೆಲ್ಲಗೆ ಬಿಚ್ಚತೊಡಗಿದ.