ಎಲ್ಲ ಫೋಟೋಗೂ ಜನವರಿ ಒಂದು

ನಮ್ಮನ್ನು ಹೆತ್ತ ಉಮ್ಮನಿಗೆ ಟಾರ್ಚು, ರೇಡಿಯೊ, ಕ್ಯಾಮರಾ ಎಲ್ಲ ಒಂದೇ. ಮಳೆಗಾಲದಲ್ಲಿ ಸೆಲ್ಲನ್ನು ಒಳಗೇ ಬಿಟ್ಟರೆ ಸೋರಿ ಹಾಳುಮಾಡುತ್ತದೆ ಎಂದು ಬಳಸಿದ ಕೂಡಲೇ ತೆಗೆದು ಕಪಾಟಿನ ಡಬ್ಬಿಗೆ ಹಾಕುವವರು. ಅಣ್ಣ ದುಬೈಯಿಂದ ಕಳುಹಿಸಿದ ಡಿಜಿಟಲ್ ಕ್ಯಾಮರಾದ ಸೆಲ್ಲುಗಳೂ ಆ ಡಬ್ಬಿ ಸೇರಿದವು. ಹಾಗಾಗಿ ಪ್ರತಿ ಸಲ ಸೆಲ್ ಹಾಕಿದಾಗಲೂ ಕ್ಯಾಮರಾ ತಾರೀಕು ಕೇಳುತ್ತಿತ್ತು. ಮಗು ನಗುತ್ತಿರುವಾಗ ಅದಕ್ಕೆ ಉತ್ತರ ಕೊಡುವ ವ್ಯವಧಾನ ಯಾರಿಗಿತ್ತು? ಕೈಗೆ ಸಿಕ್ಕಿದ ಗುಂಡಿ ಒತ್ತಿ ಫೋಟೋ ತೆಗೆಯುತ್ತಿದ್ದೆವು. ಫರಂಗಿಪೇಟೆಯ ನಮ್ಮ ಮನೆಯಲ್ಲಿ ತೆಗೆದ ಫೋಟೋಗಳಿಗೆಲ್ಲ ಒಂದೇ ವರ್ಷದ ಜನವರಿ ಒಂದು ತಾರೀಕು.

ಮಗು ಅಣ್ಣನ ಮಗಳು. ಅವನು ದುಬೈಗೆ ಹೋದ ಮೇಲೆ ಹುಟ್ಟಿದವಳು, ಅವನಿನ್ನೂ ನೋಡಿರಲಿಲ್ಲ. ಪ್ರತಿ ಫೋನಿನಲ್ಲೂ ಅತ್ತಿಗೆಗೆ 'ಬರುವ ಹಬ್ಬಕ್ಕೆ ಬರ್ತೇನೆ' ಅನ್ನುತ್ತಿದ್ದ. ಊರಿಗೆ ಬಂದು ಹೋಗುವವರ ಪೆಟ್ಟಿಗೆಯಲ್ಲಿ ಇಲ್ಲಿಂದ ಉಪ್ಪಿನಕಾಯಿ ಹೋಗುತ್ತಿತ್ತು, ಅಲ್ಲಿಂದ ಫ್ರಾಕು ಬರುತ್ತಿತ್ತು. ಒಮ್ಮೆ ಫೋಟೋಗಳನ್ನೆಲ್ಲ ಸಿ.ಡಿ.ಗೆ ಹಾಕಿಸಿ ಕಳುಹಿಸಿದೆವು. ವಾರದೊಳಗೆ ಅಣ್ಣನ ಫೋನು ಬಂತು.

"ಇದೆಂತದು? ಒಂದರಲ್ಲಿ ಮಗು ನಡೀತದೆ, ಮತ್ತಿನದ್ದರಲ್ಲಿ ತೊಟ್ಟಿಲಲ್ಲಿ ಉಂಟು. ಈಗ ಅವಳು ಎಷ್ಟು ದೊಡ್ಡ ಆಗಿದ್ದಾಳೆ? ಅದೇ ಗೊತ್ತಾಗುವುದಿಲ್ಲ."

ನನಗೆ ರೇಗಿತು. ಕಂಪ್ಯೂಟರ್ ಕ್ಲಾಸಿಗೆ ಹೋದವಳು ಮನೆಯಲ್ಲಿ ನಾನೊಬ್ಬಳೇ. ಪಕ್ಕದ ಮನೆಯವರು ಶುಕ್ರವಾರ ದುಬೈಗೆ ಹೊರಡುವವರಿದ್ದರು. ಅಷ್ಟರೊಳಗೆ ಎಲ್ಲ ಸರಿಮಾಡಿ ಕೊಡುತ್ತೇನೆಂದು ಮನೆಯ ಹಳೆ ಕಂಪ್ಯೂಟರಿನ ಮುಂದೆ ಕುಳಿತೆ. ಕುಳಿತದ್ದಕ್ಕಿಂತ ಎದ್ದದ್ದೇ ಹೆಚ್ಚು. ಒಂದು ಫೋಟೋ ತೆರೆಯುವಷ್ಟರಲ್ಲಿ ಹೊರಗೆ ಹೋಗಿ ಹೈವೇಯ ಲಾರಿಗಳನ್ನು ನೋಡಿ ಬರುತ್ತಿದ್ದೆ. ಸೆಕೆ ಬೇರೆ. ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಕಾರ್ಡ್ ಖಾಲಿ ಮಾಡಿದಾಗಲೆಲ್ಲ ಕ್ಯಾಮರಾ ಪುನಃ ಒಂದರಿಂದ ಲೆಕ್ಕ ಹಿಡಿಯುತ್ತಿದ್ದುದರಿಂದ ಫೋಟೋದ ನಂಬರೂ ಉಪಯೋಗಕ್ಕಿಲ್ಲ. ಫೋಲ್ಡರುಗಳ ಹೆಸರು ಇನ್ನೂ ಚಂದ: ಪಾಪು, ಪಾಪು ಹೊಸತು, ಲಾಸ್ಟ್, ಲಾಸ್ಟಿನ ನಂತರದ್ದು. ಹಲ್ಲು ನೋಡಿ ಜೋಡಿಸೋಣವೆಂದರೆ ಅರ್ಧ ಫೋಟೋಗಳಲ್ಲಿ ಬಾಯಿ ಮುಚ್ಚಿದೆ. ಕೂದಲು ನೋಡಿದರೆ, ದಪ್ಪಗೆ ಬರಲಿ ಎಂದು ಉಮ್ಮ ಮತ್ತೆ ಮತ್ತೆ ಬೋಳಿಸಿದ್ದಾರೆ. ಬೋಳು ತಲೆಯ ಯಾವ ಮಗು ಮೊದಲಿನದು, ಯಾವುದು ಆಮೇಲಿನದು? ಅಳು ಬರುವಂತಾಯಿತು. ಬೇಕಾದರೆ ಅಣ್ಣನೇ ಬಂದು ಜೋಡಿಸಿಕೊಳ್ಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹಿಂದೆ ನಿಂತಿದ್ದ ಅತ್ತಿಗೆ ಪರದೆಯ ಹತ್ತಿರಕ್ಕೆ ಬಾಗಿದರು. "ಮುಖ ನೋಡ್ಬೇಡ ಮಾರಾಯ್ತಿ, ಫ್ರಾಕಿನ ಅಂಚು ನೋಡು" ಎಂದರು.

ಮಗುವನ್ನು ಕಾಣದ ಅಣ್ಣ ಅಂದಾಜಿನಲ್ಲಿ ಕೊಳ್ಳುತ್ತಿದ್ದ ಫ್ರಾಕುಗಳು ಯಾವಾಗಲೂ ದೊಡ್ಡವೇ. ಅತ್ತಿಗೆ ಅಂಚನ್ನು ಎರಡು ಮೂರು ಸಲ ಮಡಿಸಿ ಹೊಲಿದು, ಮಗು ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದಲ್ಲಿ ಬಣ್ಣ ಮಾಸದ ಪಟ್ಟಿಯೊಂದು ಕಾಣುತ್ತಿತ್ತು. ಹಳದಿ ಫ್ರಾಕಿನಲ್ಲಿ ಪಟ್ಟಿ ಇಲ್ಲದ್ದು ಮೊದಲು, ಒಂದು ಪಟ್ಟಿಯದು ಆಮೇಲೆ. ಅದು ಗಿಡ್ಡವಾದ ಮೇಲೆ ನೀಲಿಯದು. ಅತ್ತಿಗೆ ಹೇಳುತ್ತಾ ಹೋದರು, ನಾನು ಸಾಲಾಗಿ ನಂಬರು ಹಾಕಿದೆ. ಕಂಪ್ಯೂಟರಿನಲ್ಲಿ ಮಗು ಮೊದಲ ಸಲ ಕ್ರಮವಾಗಿ ಬೆಳೆಯಿತು. ಬಿ.ಸಿ. ರೋಡ್ ಪೇಟೆಗೆ ಓಡಿ ಸಿ.ಡಿ. ಮಾಡಿಸಿ, ಪಕ್ಕದ ಮನೆಯವರು ಪೆಟ್ಟಿಗೆಗೆ ಹಗ್ಗ ಬಿಗಿಯುವ ಮೊದಲು ಒಳಗೆ ತುರುಕಿದೆ.

ಹಬ್ಬ ಬಂತು. ಅಣ್ಣ ಬರಲಿಲ್ಲ, ಫ್ರಾಕು ಬಂತು. ಸಿ.ಡಿ.ಯ ಕೊನೆಯ ಫೋಟೋವನ್ನು ಅಂಗಡಿಯವನಿಗೆ ತೋರಿಸಿಯೇ ಕೊಂಡದ್ದಂತೆ. ಕೆಂಪು ಬಣ್ಣದ್ದು, ಮಗುವಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಉಮ್ಮನಿಗೆ ಖುಷಿಯೋ ಖುಷಿ. ನನಗೆ ಹೆಮ್ಮೆ.

ಅತ್ತಿಗೆ ಮಾತ್ರ ಮಗುವಿನ ಮುಂದೆ ಮಂಡಿಯೂರಿ ಅಂಚನ್ನು ತಿರುವಿ ನೋಡಿದರು. ಮಡಿಸಲು, ಮುಂದೆ ಬಿಚ್ಚಲು ಏನೂ ಇರಲಿಲ್ಲ.

"ಇದು ಅವರು ಬರುವವರೆಗೆ ಮಗುವಿಗೆ ಆಗ್ಲಿಕ್ಕಿಲ್ಲ" ಎಂದರು.

ನಾನು ಡಬ್ಬಿಯಿಂದ ಸೆಲ್ ತಂದು ಕ್ಯಾಮರಾಕ್ಕೆ ಹಾಕಿದೆ. ಅದು ಎಂದಿನಂತೆ ತಾರೀಕು ಕೇಳಿತು. ಗೋಡೆಯ ಕ್ಯಾಲೆಂಡರ್ ನೋಡಿ ಅವತ್ತಿನದನ್ನೇ ಹಾಕಿ, ಅತ್ತಿಗೆಯನ್ನೂ ಮಗುವನ್ನೂ ಬಾಗಿಲ ಬೆಳಕಿಗೆ ಕರೆದೆ.